ನನ್ನ ಮಗನ ನಾಲ್ಕು ರನ್ನು ಲೆಕ್ಕಕ್ಕಿಲ್ಲವಂತೆ

ಕಳೆದ ಜೂನಿನಲ್ಲಿ ನಮ್ಮ ಕನ್ನಡ ಕೂಟದ ಪಿಕ್ನಿಕ್ ಇತ್ತು. ನ್ಯೂಜೆರ್ಸಿಯ ಒಂದು ಪಾರ್ಕು, ಮರದ ಕೆಳಗೆ ಉದ್ದದ ಟೇಬಲ್ಲು, ಅಲ್ಯೂಮಿನಿಯಂ ಟ್ರೇಗಳಲ್ಲಿ ಪುಳಿಯೋಗರೆ, ಮೊಸರನ್ನ, ಯಾರೋ ಪುಣ್ಯಾತ್ಮರು ಬೆಳಗ್ಗೆ ನಾಲ್ಕಕ್ಕೆ ಎದ್ದು ಕರಿದುಕೊಂಡು ಬಂದ ಮದ್ದೂರು ವಡೆ. ಊಟ ಆದ ಮೇಲೆ ಎಂದಿನಂತೆ ಗಂಡಸರೆಲ್ಲ ಹೊಟ್ಟೆ ಸವರಿಕೊಂಡು ಕ್ರಿಕೆಟ್ಟಿಗೆ ಇಳಿದರು. ಟೇಪು ಸುತ್ತಿದ ಟೆನಿಸ್ ಬಾಲು, ಕಸದ ಡಬ್ಬವೇ ವಿಕೆಟ್ಟು. ನನ್ನ ಒಂಬತ್ತು ವರ್ಷದ ಮಗ ಹೋಗಿ ನಿಂತ. "ಬಾ ಪುಟ್ಟಾ, ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂದರು ಒಬ್ಬರು, ಪ್ರೀತಿಯಿಂದಲೇ. ಎರಡು ಸಲ ಬೋಲ್ಡ್ ಆದ, ಯಾರೂ ಔಟ್ ಅನ್ನಲಿಲ್ಲ. ಮೂರನೇ ಬಾಲು ಬ್ಯಾಟಿನ ನಡುವಿಗೇ ಸಿಕ್ಕಿ, ಜ್ಯೂಸಿನ ಡಬ್ಬದ ಪಕ್ಕದಲ್ಲಿ ಹಾದು ಗೆರೆ ದಾಟಿತು. ಓಡಿಕೊಂಡು ಬಂದು ಸ್ಕೋರ್ ಬರೆಯುತ್ತಿದ್ದವರ ಎದುರು ನಿಂತ. ಅವರು ಮೊಬೈಲಿನಿಂದ ತಲೆ ಎತ್ತದೆ, "ಅದು ಲೆಕ್ಕಕ್ಕಿಲ್ಲ ಕಣೋ ಮರಿ, ಆದ್ರೆ ಸೂಪರಾಗಿ ಹೊಡೆದೆ" ಅಂದರು.

ಕಾರಿನಲ್ಲಿ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು. "ಅಪ್ಪಾ, ಲೆಕ್ಕಕ್ಕಿಲ್ಲ ಅಂದ್ರೇನು?"

ಹೇಳಿದೆ. ಔಟಾದರೂ ಔಟಲ್ಲ, ಸುಮ್ನೆ ಖುಷಿಗೆ ಆಡೋದು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದ್ರೆ ನಾನು ಹೊಡೆದ ಫೋರೂ ಫೋರಲ್ವಾ?" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಲವತ್ತಾರು ವರ್ಷದ ಗಂಡಸು, ಈ ಮಾತನ್ನು ಸಾವಿರ ಸಲ ಕೇಳಿದವನು, ಇತರರಿಗೆ ಅಂದವನು. ಅದರ ಇನ್ನೊಂದು ಮಗ್ಗುಲು ಯಾವತ್ತೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ಒಮ್ಮೆ ಹೊಳೆದಿತ್ತು, ನಾನೂ ಅವನಷ್ಟೇ ಇದ್ದಾಗ. ಆಮೇಲೆ ಮರೆತಿದ್ದೆ.

ಅಪ್ಪ 1987ರಲ್ಲಿ ಪಿಎಚ್‌ಡಿ ಮಾಡಲು ಮೈಸೂರಿನಿಂದ ಪೆನ್ಸಿಲ್ವೇನಿಯಾಕ್ಕೆ ಬಂದರು. ಪೆನ್ ಸ್ಟೇಟ್ ಯೂನಿವರ್ಸಿಟಿ ಇರುವ ಊರು. ಅಮ್ಮ, ನಾನು ಜೊತೆಗೆ. ಮೂರು ವರ್ಷ ಇದ್ದೆವು. ಅಕ್ಕಪಕ್ಕದ ಮನೆಯ ಹುಡುಗರೆಲ್ಲ ಲಿಟಲ್ ಲೀಗ್ ಅನ್ನುವ ಮಕ್ಕಳ ಬೇಸ್‌ಬಾಲ್ ಆಡುತ್ತಿದ್ದರು, ನನ್ನನ್ನೂ ಸೇರಿಸಿದರು. ಕ್ರಿಕೆಟ್ಟಿನ ದಾಯಾದಿ ತಾನೇ, ಬಂದೇ ಬರುತ್ತೆ ಅಂತ ಅಪ್ಪನ ಧೈರ್ಯ. ಸರಸ್ವತಿಪುರಂನ ನಮ್ಮ ರಸ್ತೆಯಲ್ಲಿ ನಾನು ಪರವಾಗಿಲ್ಲ ಅನ್ನುವ ಬ್ಯಾಟ್ಸ್‌ಮನ್ ಆಗಿದ್ದೆ, ಬ್ಯಾಟು ನನ್ನದೇ ಆಗಿದ್ದರಿಂದ.

ಮೊದಲ ಪಂದ್ಯದಲ್ಲಿ ಹೇಗೋ ಬಾಲು ಬ್ಯಾಟಿಗೆ ತಗುಲಿತು. ನಾನು ಬ್ಯಾಟು ಹಿಡಿದುಕೊಂಡೇ ಓಡಿದೆ. ಹೊಡೆದವನು ಮೊದಲು ಓಡಿ ಮುಟ್ಟಬೇಕಾದ ಮೂಲೆ ಫಸ್ಟ್ ಬೇಸ್. ಅದನ್ನು ತಲುಪಿ, ರನೌಟ್ ತಪ್ಪಿಸಿಕೊಳ್ಳುವವನ ಹಾಗೆ ಬ್ಯಾಟು ನೆಲಕ್ಕೆ ಉಜ್ಜಿದೆ. ಇಡೀ ಮೈದಾನ ನಕ್ಕಿತು. ಎದುರು ತಂಡದವರು, ಅವರ ಅಪ್ಪ ಅಮ್ಮಂದಿರು, ನಮ್ಮವರು ಎಲ್ಲ. ಔಟ್ ಬೇರೆ ಆಗಿದ್ದೆ.

ನಗದೆ ಇದ್ದವರು ಕೋಚ್ ಒಬ್ಬರೇ. ಅವರಿಗೆ ಹೆಸರಿತ್ತು, ಆದರೆ ನಾವು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಬರೀ ಕೋಚ್. ಕೆಲಸ ಮನೆಮನೆಗೆ ಹೋಗಿ ನಲ್ಲಿ, ಪೈಪು ರಿಪೇರಿ ಮಾಡುವುದು. ಸಂಜೆ ಅದೇ ವ್ಯಾನಿನಲ್ಲಿ, ಅದೇ ಮಣ್ಣು ಮೆತ್ತಿದ ಬೂಟಿನಲ್ಲಿ ಬರುತ್ತಿದ್ದರು. ಸಂಬಳ ಇಲ್ಲ. ಇಲ್ಲಿ ಈ ಮಟ್ಟದಲ್ಲಿ ಕೋಚ್ ಅಂದರೆ ಹೀಗೇ, ಯಾವುದೋ ಹುಡುಗನ ಅಪ್ಪ, ಕೈಯಿಂದ ಖರ್ಚು ಮಾಡಿಕೊಂಡು ಬರುವವರು. ಡಾಕ್ಟರೇಟ್ ಮಾಡುತ್ತಿದ್ದ ನಮ್ಮಪ್ಪ ಪ್ಲಂಬರಿನ ಮುಂದೆ ಕೈ ಕಟ್ಟಿ ನಿಂತು "ನನ್ನ ಮಗ ಹೇಗೆ?" ಅಂತ ಕೇಳಿದ್ದನ್ನು ನಾನು ನೋಡಿದ್ದೇನೆ. ಊರಲ್ಲಾಗಿದ್ದರೆ ಕೇಳುತ್ತಿದ್ದರಾ? ಗೊತ್ತಿಲ್ಲ. ಕೇಳುತ್ತಿರಲಿಲ್ಲ ಅಂತಲೇ ನನ್ನ ಅನುಮಾನ.

ಮಾರನೇ ಪ್ರಾಕ್ಟೀಸಿಗೆ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. ಬಾಲೇ ಇಲ್ಲದೆ ಬ್ಯಾಟು ಬೀಸು, ಬ್ಯಾಟು ಬಿಡು, ಓಡು. ಮತ್ತೆ ಬಾ. ಬೀಸು, ಬಿಡು, ಓಡು. ಇಪ್ಪತ್ತು ಸಲ ಮಾಡಿಸಿರಬೇಕು. ಬೈಯಲಿಲ್ಲ, ಹಿಂದಿನ ದಿನದ ಸುದ್ದಿ ಎತ್ತಲೂ ಇಲ್ಲ.

ಅದಕ್ಕಿಂತ ದೊಡ್ಡ ರೋಗ ಒಂದಿತ್ತು. ನಮ್ಮದು 66 ಅಡಿ ಪಿಚ್ಚು, ಬಾಲು ಪುಟಿದು ಬರುತ್ತದೆ. ಲಿಟಲ್ ಲೀಗಿನಲ್ಲಿ ಪಿಚರ್, ಅಂದರೆ ಅವರ ಬೌಲರ್, ಇರುವುದು 46 ಅಡಿ ದೂರದಲ್ಲಿ, ಬಾಲು ಪುಟಿಯದೆ ನೇರ ಮುಖದ ಕಡೆಗೇ ಬಂದ ಹಾಗೆ ಕಾಣುತ್ತದೆ. ನನ್ನ ಕಾಲು ತಾನಾಗಿಯೇ ಹಿಂದಕ್ಕೆ ಹೋಗುತ್ತಿತ್ತು. ಕೋಚ್ ನನ್ನ ಹಿಮ್ಮಡಿಯ ಹಿಂದೆ ಒಂದು ಬ್ಯಾಟು ಅಡ್ಡ ಮಲಗಿಸಿದರು. ಹಿಂದೆ ಸರಿದರೆ ಬ್ಯಾಟಿನ ಮೇಲೆ ಕಾಲು ಬೀಳಬೇಕು. ಆಮೇಲೆ ಬಕೆಟ್ಟಿನ ತುಂಬ ಟೆನಿಸ್ ಬಾಲು ತಂದು ಬೇಕಂತಲೇ ನನ್ನ ಮೈಗೆ ಎಸೆದರು. ಮುಖ ಒಳಕ್ಕೆ, ಭುಜ ಬಾಲಿನ ಕಡೆಗೆ, ಬೆನ್ನಿಗೆ ತಗುಲಲಿ, ಏನೂ ಆಗಲ್ಲ. ತಗುಲಿತು. ನಿಜವಾಗಿಯೂ ಏನೂ ಆಗಲಿಲ್ಲ. ಏಟು ತಿನ್ನುವುದಕ್ಕೂ ಒಂದು ಕ್ರಮ ಇದೆ, ಅದನ್ನು ಹೇಳಿಕೊಡಲೂಬಹುದು ಅಂತ ಒಂಬತ್ತನೇ ವಯಸ್ಸಿನಲ್ಲಿ ಗೊತ್ತಾಯಿತು. ನಮ್ಮಲ್ಲಿ "ಹೆದರಬೇಡ್ವೋ" ಅಂತ ಮಾತ್ರ ಹೇಳುತ್ತಾರೆ.

ಹಾಗಂತ ನಾನು ಸುಧಾರಿಸಿಬಿಟ್ಟೆ ಅಂದುಕೊಳ್ಳಬೇಡಿ. ಎರಡು ಸೀಸನ್ನು ಸೇರಿ ಮೂರೇ ಮೂರು ಹಿಟ್, ಅಂದರೆ ಬಾಲು ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು. ನನ್ನನ್ನು ನಿಲ್ಲಿಸುತ್ತಿದ್ದದ್ದು ರೈಟ್ ಫೀಲ್ಡಿನಲ್ಲಿ. ಆ ವಯಸ್ಸಿನ ಆಟದಲ್ಲಿ ಬಾಲು ಅತ್ತ ಬರುವುದೇ ಅಪರೂಪ, ಹುಡುಗರು ಹೆಚ್ಚಿನವರು ಬಲಗೈ ಬ್ಯಾಟಿನವರು, ಹೊಡೆದರೆ ಎಡಕ್ಕೆ ಹೋಗುತ್ತದೆ. ಕೈಲಾಗದವರನ್ನು ಇಡುವ ಜಾಗ ಅದು, ನಮ್ಮ ಕಡೆ ಚರಂಡಿ ಪಕ್ಕ ನಿಲ್ಲಿಸಿ "ಬಾಲ್ ಬಂದ್ರೆ ಎತ್ಕೊಡು" ಅನ್ನುತ್ತಾರಲ್ಲ, ಹಾಗೆ. ಹಳದಿ ಹೂವಿನ ಕಳೆಗಿಡಗಳನ್ನು ಎಣಿಸುತ್ತ ನಿಂತಿದ್ದೆ. ಕೋಚ್ ಅಲ್ಲಿಯವರೆಗೂ ನಡೆದು ಬಂದು ಕೈ ತೋರಿಸಿ ಹೇಳಿದರು. ಒಳಗಿನವರು ಯಾರೇ ಬಾಲು ಹಿಡಿದು ಫಸ್ಟ್ ಬೇಸಿಗೆ ಎಸೆದರೂ, ಪ್ರತೀ ಸಲ, ನೀನು ಫಸ್ಟ್ ಬೇಸಿನ ಹಿಂದಕ್ಕೆ ಓಡಬೇಕು. ಹತ್ತರಲ್ಲಿ ಒಂಬತ್ತು ಸಲ ದಂಡ. ಹತ್ತನೇ ಸಲ ಎಸೆತ ತಪ್ಪುತ್ತೆ, ಆಗ ಅಲ್ಲಿ ನೀನೊಬ್ಬನೇ ಇರ್ತೀಯ.

ಓಡಿದೆ ಸ್ವಾಮಿ. ಎರಡು ತಿಂಗಳು ಸುಮ್ಮನೆ ಓಡಿದೆ. ಒಂದು ದಿನ ಎಸೆತ ತಪ್ಪಿತು, ಬಾಲು ನೇರ ನನ್ನ ಗ್ಲೌಸಿಗೆ ಬಂತು, ಸೆಕೆಂಡ್ ಬೇಸಿಗೆ ಹೊರಟಿದ್ದ ಹುಡುಗ ಗಕ್ಕನೆ ನಿಂತು ಹಿಂದಕ್ಕೆ ಓಡಿದ. ನೋಡುವವರಿಗೆ ಏನೂ ನಡೆಯಲೇ ಇಲ್ಲ. ಬೆಂಚಿನಿಂದ ಕೋಚ್ ಮಾತ್ರ ಟೋಪಿ ತೆಗೆದು ತೋರಿಸಿದರು.

ನಾನು ಹೇಳಬೇಕು ಅಂದುಕೊಂಡಿರುವುದು ಅಲ್ಲಿನ ಸ್ಕೋರ್ ಪುಸ್ತಕದ ವಿಷಯ. ಕೋಚ್ ಹೆಂಡತಿ ಬರೆಯುತ್ತಿದ್ದರು, ಪೆನ್ಸಿಲಿನಲ್ಲಿ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಸಾಲು, ಪ್ರತಿ ಮನೆಯಲ್ಲೂ ಮೈದಾನದ ಆಕಾರದ ಪುಟ್ಟ ಚೌಕ. ಬೀಸಿ ತಪ್ಪಿದರೆ, ಇಲ್ಲವೇ ಹೊಡೆಯಬಹುದಾದ ಬಾಲನ್ನು ಬಿಟ್ಟರೆ ಒಂದು ಸ್ಟ್ರೈಕ್. ಮೂರು ಸ್ಟ್ರೈಕ್ ಆಗಿ ಔಟಾದರೆ ಇಂಗ್ಲಿಷಿನ ಕೆ ಅಕ್ಷರ ಬರೆಯುತ್ತಾರೆ. ಬ್ಯಾಟು ಬೀಸಿ ಔಟಾದರೆ ನೆಟ್ಟಗಿನ ಕೆ. ಬೀಸದೆ, ಸುಮ್ಮನೆ ನಿಂತು ಬಾಲು ನೋಡಿಕೊಂಡು ಔಟಾದರೆ ತಿರುಗಿಸಿದ ಕೆ, ಕನ್ನಡಿಯಲ್ಲಿ ನೋಡಿದ ಹಾಗೆ. ನನ್ನ ಸಾಲಿನ ತುಂಬ ಕನ್ನಡಿ ಕೆಗಳು. ಮೊದಲು ಅವಮಾನ ಅನ್ನಿಸುತ್ತಿತ್ತು. ಜೂನ್ ಹೊತ್ತಿಗೆ ಒಂದೊಂದೇ ನೆಟ್ಟಗಾದವು. ಮನೆಗೆ ಬಂದು ಅಮ್ಮನಿಗೆ "ಇವತ್ತು ಎರಡೂ ನೆಟ್ಟಗಿನ ಕೆ" ಅಂತ ಹೇಳಿದರೆ, ಪಾಪ, ಅವಳಿಗೆ ಏನು ಅರ್ಥವಾಗಬೇಕು, ಗೆದ್ದೆ ಅಂದುಕೊಂಡು ಕೇಸರಿಬಾತ್ ಮಾಡಿದಳು.

ನನ್ನ ಔಟು ಲೆಕ್ಕಕ್ಕಿತ್ತು. ಅದಕ್ಕೇ ಆ ಮೂರು ಹಿಟ್ಟೂ ಲೆಕ್ಕಕ್ಕಿದ್ದವು.

ಇದು ಒಬ್ಬ ಒಳ್ಳೆ ಮನುಷ್ಯನ ದೊಡ್ಡತನ ಮಾತ್ರ ಅಲ್ಲ. ಲಿಟಲ್ ಲೀಗ್ ಈಗ ಇದನ್ನು ನಿಯಮ ಮಾಡಿಯೇ ಇಟ್ಟಿದೆ. ಮಾಮೂಲಿ ಸೀಸನ್ನಿನಲ್ಲಿ ಪ್ರತಿ ಪಂದ್ಯದಲ್ಲೂ ಪ್ರತಿ ಹುಡುಗ ಕಡಿಮೆಯೆಂದರೆ ಆರು ಔಟ್ ಆಗುವಷ್ಟು ಹೊತ್ತು ಫೀಲ್ಡಿಂಗ್ ಮಾಡಬೇಕು, ಒಂದು ಸಲವಾದರೂ ಬ್ಯಾಟ್ ಹಿಡಿಯಬೇಕು. ಆಡಿಸದಿದ್ದರೆ ಬೈಗುಳ ಹುಡುಗನಿಗಲ್ಲ, ಕೋಚ್‌ಗೆ. 1939ರಲ್ಲಿ ವಿಲಿಯಮ್ಸ್‌ಪೋರ್ಟ್ ಅನ್ನುವ ಊರಲ್ಲಿ ಕಾರ್ಲ್ ಸ್ಟಾಟ್ಜ್ ಅನ್ನುವವರು ಮೂರು ತಂಡ ಕಟ್ಟಿ ಲಿಟಲ್ ಲೀಗನ್ನು ಶುರು ಮಾಡಿದರು. ಮೊದಲ ಪಂದ್ಯದಲ್ಲಿ ಮರದ ಅಡ್ಡೆಯವರ ಹೆಸರಿನ ತಂಡ ಹಾಲಿನ ಡೇರಿಯ ತಂಡವನ್ನು 23-8ರಲ್ಲಿ ಸೋಲಿಸಿತಂತೆ. ಅಂಗಡಿಯವರು ದುಡ್ಡು ಕೊಟ್ಟು ಶರಟು ಹೊಲಿಸಿದ್ದು, ಅಷ್ಟೇ. ಹುಡುಗಿಯರನ್ನು ಸೇರಿಸಿಕೊಂಡದ್ದು ಮಾತ್ರ 1974ರಲ್ಲಿ, ಅದೂ ಕೋರ್ಟು ಕಚೇರಿ ಆದ ಮೇಲೆ.

ವಿಲಿಯಮ್ಸ್‌ಪೋರ್ಟ್ ನಾವಿದ್ದ ಊರಿಂದ ಒಂದು ಗಂಟೆ ಚಿಲ್ಲರೆ ದಾರಿ. 1989ರ ಆಗಸ್ಟಿನಲ್ಲಿ ಕೋಚ್ ನಮ್ಮನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಅಲ್ಲಿ ನಡೆಯುವ ಲಿಟಲ್ ಲೀಗ್ ವರ್ಲ್ಡ್ ಸೀರೀಸ್ ಫೈನಲ್ಲಿಗೆ ಕರೆದುಕೊಂಡು ಹೋದರು. ನೋಡಲು ದುಡ್ಡೇ ಕೊಡಬೇಕಿಲ್ಲ, ಇವತ್ತಿಗೂ ಇಲ್ಲ. ಅದಕ್ಕೆ ಹಿಂದಿನ ಮೂರು ವರ್ಷವೂ ತೈವಾನಿನ ಹುಡುಗರೇ ಗೆದ್ದಿದ್ದರು. ಆ ವರ್ಷ ಕನೆಕ್ಟಿಕಟ್‌ನ ಟ್ರಂಬುಲ್ ಅನ್ನುವ ಊರಿನವರು 5-2ರಲ್ಲಿ ಗೆದ್ದರು. ನನಗೆ ನೆನಪಿರುವುದು ಆಟಕ್ಕಿಂತ ಜಾಸ್ತಿ ಹಿಂದಿನ ಹುಲ್ಲಿನ ದಿಬ್ಬ. ರಟ್ಟಿನ ಡಬ್ಬ ಬಿಚ್ಚಿ ಅದರ ಮೇಲೆ ಕೂತು ಮೇಲಿನಿಂದ ಜಾರುವುದು. ಚಡ್ಡಿ ಹಸಿರಾಗಿ ಹೋಗಿತ್ತು.

1990ರಲ್ಲಿ ಮೈಸೂರಿಗೆ ವಾಪಸ್ಸು. ಶಾಲೆ ಹೆಸರು ಬೇಡ. ಪಿಟಿ ಸಾರ್ ಇದ್ದರು, ಕುತ್ತಿಗೆಯಲ್ಲಿ ವಿಷಲ್ಲು, ಕಂಕುಳಲ್ಲಿ ಬೆತ್ತ. ಕ್ರಿಕೆಟ್ ತಂಡದ ಆಯ್ಕೆ ಹತ್ತು ನಿಮಿಷದಲ್ಲಿ ಮುಗಿಯಿತು. ನನಗೆ ಎಸೆಯುವುದು ಚೆನ್ನಾಗಿ ಬರುತ್ತಿತ್ತು, ಬೌಂಡರಿಯಿಂದ ನೇರ ಕೀಪರ್ ಕೈಗೆ. ನೋಡಿದ ಪಿಟಿ ಸಾರ್ "ಏನೋ ಅಮೆರಿಕಾ, ಮಾವಿನಕಾಯಿಗೆ ಕಲ್ಲು ಹೊಡೆದ ಹಾಗೆ ಎಸೀತೀಯಲ್ಲೋ" ಅಂದರು. ಹೆಸರು ಗಟ್ಟಿಯಾಯಿತು. ಎಸ್ಸೆಸ್ಸೆಲ್ಸಿವರೆಗೂ ನಾನು ಅಮೆರಿಕಾ. ತಂಡದಲ್ಲಿ ಇದ್ದೆ, ಹದಿಮೂರನೆಯವನಾಗಿ. ಎರಡು ವರ್ಷ ಬೇರೆ ಶಾಲೆಗಳಿಗೆ ಹೋಗಿ ಕಿಟ್ ಬ್ಯಾಗು ಹೊತ್ತೆ, ನೀರಿನ ಕೊಡ ಹೊತ್ತೆ, ಒಂದು ಬಾಲೂ ಆಡಲಿಲ್ಲ. ಸಾರ್ ತಪ್ಪು ಅಂತ ಆಗ ಅನ್ನಿಸಿರಲಿಲ್ಲ. ಹನ್ನೊಂದು ಜನ ತಾನೇ ಆಡೋದು?

ನಮ್ಮ ಕ್ಲಾಸಿನಲ್ಲಿ ಒಬ್ಬ ಫಾಸ್ಟ್ ಬೌಲರ್ ಇದ್ದ. ಜಾವಗಲ್ ಶ್ರೀನಾಥ್ ಆಗಷ್ಟೇ ಇಂಡಿಯಾ ಟೀಮಿಗೆ ಹೋಗಿದ್ದರು, ಮೈಸೂರಿನ ಉದ್ದ ಕಾಲಿನ ಹುಡುಗರಿಗೆಲ್ಲ ತಾವೂ ಶ್ರೀನಾಥ್ ಅಂತ ಭ್ರಮೆ ಇದ್ದ ಕಾಲ. ಸಾರ್ ಅವನ ಕೈಗೆ ಒಂದು ತುದಿಯಿಂದ ಬಾಲು ಕೊಟ್ಟರೆ ಎದುರಿನವರು ಆಲೌಟ್ ಆಗುವವರೆಗೂ ವಾಪಸ್ ಇಸ್ಕೊಳ್ಳುತ್ತಿರಲಿಲ್ಲ. ಹದಿಮೂರು ವರ್ಷದ ಹುಡುಗ. ಪಿಯುಸಿಗೆ ಬರುವಷ್ಟರಲ್ಲಿ ಅವನಿಗೆ ಬಲಗೈ ಕಿವಿಯ ಮೇಲಕ್ಕೆ ಎತ್ತಲು ಆಗುತ್ತಿರಲಿಲ್ಲ. ಅವನು ಒಟ್ಟು ಎಷ್ಟು ಓವರ್ ಹಾಕಿದ ಅಂತ ಯಾರೂ ಬರೆದಿಟ್ಟಿಲ್ಲ. ಲಿಟಲ್ ಲೀಗಿನಲ್ಲಿ ನಾನು ಆಡುವಾಗ ಪಿಚರ್ ವಾರಕ್ಕೆ ಎಷ್ಟು ಇನಿಂಗ್ಸ್ ಎಸೆದ ಅಂತ ಎಣಿಸುತ್ತಿದ್ದರು. 2007ರಿಂದ ಒಂದೊಂದು ಎಸೆತವನ್ನೂ ಎಣಿಸುತ್ತಾರೆ. ಒಂಬತ್ತು ಹತ್ತು ವರ್ಷದವರಿಗೆ ದಿನಕ್ಕೆ 75, ಹನ್ನೊಂದು ಹನ್ನೆರಡರವರಿಗೆ 85. 66 ಮುಟ್ಟಿದರೆ ನಾಲ್ಕು ದಿನ ಪಿಚಿಂಗ್ ಇಲ್ಲ. ಫೈನಲ್ಲೇ ಇರಲಿ, ಇಳಿಯಬೇಕು.

ಇಷ್ಟು ಓದಿ ನೀವು "ಅಮೆರಿಕಾ ಹೋದ ಮೇಲೆ ಎಲ್ಲರೂ ಹೀಗೇ, ಊರಿನದೆಲ್ಲ ಕೆಟ್ಟದ್ದು" ಅನ್ನುತ್ತೀರಿ. ನನ್ನ ಹೆಂಡತಿಯೂ ಅದನ್ನೇ ಅಂದಳು. ಅವಳು ತೀರ್ಥಹಳ್ಳಿಯವಳು, ಏನನ್ನೂ ಪೂರ್ತಿ ಒಪ್ಪುವುದಿಲ್ಲ. "ನಿಮ್ಮ ಕೋಚ್ ಮಗ ಯಾವ ಜಾಗದಲ್ಲಿ ಆಡ್ತಿದ್ದ?" ಅಂತ ಕೇಳಿದಳು. ಪಿಚರ್. ಯಾವಾಗಲೂ ಪಿಚರ್, ನಾಲ್ಕನೇ ಬ್ಯಾಟಿಂಗು. ಅದೂ ನಿಜವೇ. ಇವತ್ತಿಗೂ ಇಲ್ಲಿ ಅಪ್ಪ ಕೋಚ್ ಆದರೆ ಮಗನಿಗೆ ಒಳ್ಳೆ ಜಾಗ. ಒಂದು ಚೂರು ಚೆನ್ನಾಗಿ ಆಡುವ ಹುಡುಗರನ್ನು ಎಂಟನೇ ವರ್ಷಕ್ಕೇ ಟ್ರಾವೆಲ್ ಟೀಮು ಅಂತ ಬೇರೆ ಮಾಡಿ, ಅಪ್ಪ ಅಮ್ಮ ವಾರಾಂತ್ಯವೆಲ್ಲ ಹೋಟೆಲಿನಲ್ಲಿ ಮಲಗಿ ದುಡ್ಡು ಸುರಿಯುವ ಹುಚ್ಚು ಬೇರೆ. ಅಲ್ಲಿ ಎಲ್ಲರನ್ನೂ ಆಡಿಸಬೇಕೆಂಬ ಹಂಗಿಲ್ಲ. ಅಂಪೈರಿಗೆ ಬೈಯುವ ತಾಯಂದಿರನ್ನು ನೋಡಿದರೆ ನಮ್ಮ ಬೀದಿ ನಲ್ಲಿ ಜಗಳ ಎಷ್ಟೋ ಮೇಲು.

ಪಿಟಿ ಸಾರ್ ವಿಷಯವನ್ನೂ ಅರ್ಧ ಹೇಳಿದೆ. ಆ ಬೌಲರ್ ಹುಡುಗನ ಅಪ್ಪ ಅವನನ್ನು ಆಟ ಬಿಡಿಸಿ ಅಂಗಡಿಗೆ ಕೂರಿಸಲು ಹೊರಟಾಗ, ಸಾರ್ ಲೂನಾ ಹತ್ತಿಕೊಂಡು ಅವರ ಮನೆಗೆ ಮೂರು ಸಲ ಹೋಗಿದ್ದರು. ಪಂದ್ಯ ಸೋತರೂ ಗೆದ್ದರೂ ಹದಿಮೂರೂ ಜನಕ್ಕೆ ಅವರ ಜೇಬಿನಿಂದಲೇ ಸೆಟ್ ದೋಸೆ. ಆ ಲೆಕ್ಕದಲ್ಲಿ ನಾನೂ ಇದ್ದೆ, ಮರೆತರೆ ತಪ್ಪಾಗುತ್ತದೆ. ಶಾಲೆಯ ಏಳುನೂರು ಮಕ್ಕಳಿಗೆ ಒಬ್ಬರು ಪಿಟಿ ಮೇಷ್ಟ್ರು, ಒಂದು ಕಿಟ್ಟು. ನನ್ನ ಕೋಚ್‌ಗೆ ಹನ್ನೆರಡೇ ಹುಡುಗರು.

ಮತ್ತೆ ನಮ್ಮವರಿಗೆ ಇದು ಹೊಳೆಯುವುದೇ ಇಲ್ಲ ಅಂತಲೂ ಅಲ್ಲ. ರಾಹುಲ್ ದ್ರಾವಿಡ್ ಇಂಡಿಯಾ ಎ ಹುಡುಗರಿಗೆ ಕೋಚ್ ಆಗಿದ್ದಾಗ, ನನ್ನ ಜೊತೆ ಪ್ರವಾಸಕ್ಕೆ ಬಂದವರು ಒಂದು ಪಂದ್ಯವನ್ನಾದರೂ ಆಡದೆ ವಾಪಸ್ ಹೋಗುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತಿದ್ದರಂತೆ. ತಾವೇ ಹುಡುಗನಾಗಿದ್ದಾಗ ಪ್ರವಾಸಕ್ಕೆ ಹೋಗಿ ಆಡದೆ ಕೂತ ಸಂಕಟ ಅವರಿಗೆ ನೆನಪಿತ್ತು. ಅದನ್ನು ಓದಿದಾಗ, ಬೆಂಗಳೂರಲ್ಲಿ ಬೆಳೆದ ದ್ರಾವಿಡ್‌ಗೂ ಕೂತು ಗೊತ್ತಾ ಅಂತ ನನ್ನ ಕಿಟ್ ಬ್ಯಾಗಿನ ಭುಜಕ್ಕೆ ಸ್ವಲ್ಪ ಸಮಾಧಾನವಾಯಿತು.

ಇನ್ನೊಂದು ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ಅವತ್ತಿನ ಪಿಕ್ನಿಕ್ಕಿನಲ್ಲಿ ನನ್ನ ಮಗ ಮುಖ ಊದಿಸಿಕೊಂಡು ಬಂದ ಮೇಲೆ ಅವನ ತಂಗಿ ಬ್ಯಾಟ್ ಹಿಡಿದಳು. ಮೂರು ವರ್ಷ. ಬ್ಯಾಟು ಅವಳಷ್ಟೇ ಎತ್ತರ. ಬೌಲರ್ ಎರಡಡಿ ದೂರದಲ್ಲಿ ಮಂಡಿಯೂರಿ ಬಾಲು ಉರುಳಿಸಿದರು. ಅದು ಬ್ಯಾಟಿಗೆ ತಗುಲಿ ಒಂದು ಗೇಣು ಹೋಯಿತು. ಅಷ್ಟೇ ತಡ, ಸಾಫ್ಟ್‌ವೇರಿನವರು, ಬ್ಯಾಂಕಿನವರು, ಒಬ್ಬ ಹೃದಯದ ಡಾಕ್ಟರು, ಹನ್ನೊಂದು ಜನ ದೊಡ್ಡ ಗಂಡಸರು ಆ ಬಾಲಿಗೆ ಹಾರಿ, ಬಿದ್ದು, ಒಬ್ಬರ ಮೇಲೊಬ್ಬರು ಉರುಳಿ, ಬೇಕಂತಲೇ ಬಿಟ್ಟರು. ಅವಳು ಕಸದ ಡಬ್ಬದ ಸುತ್ತ ಆರು ಸಲ ಓಡಿದಳು. "ಓಡು ಪುಟ್ಟೀ ಓಡು" ಅಂತ ಹೆಂಗಸರ ಕಡೆಯಿಂದ ಕೂಗು. ಯಾರೂ ಹೆಸರು ನೋಂದಾಯಿಸು ಅನ್ನಲಿಲ್ಲ, ಹುಟ್ಟಿದ ತಾರೀಖು ಕೇಳಲಿಲ್ಲ, ಹೆಲ್ಮೆಟ್ಟು ಎಲ್ಲಿ ಅನ್ನಲಿಲ್ಲ.

ಅಣ್ಣನ ಬೇಸ್‌ಬಾಲ್ ಪಂದ್ಯಕ್ಕೆ ಅವಳನ್ನೂ ಕರೆದುಕೊಂಡು ಹೋಗುತ್ತೇವೆ. ತಂತಿ ಬೇಲಿಗೆ ಮೂಗು ಒತ್ತಿಕೊಂಡು ನಿಂತು "ನಾನೂ, ನಾನೂ" ಅನ್ನುತ್ತಾಳೆ. ಇಲ್ಲಿ ಕಂಬದ ಮೇಲಿಟ್ಟ ಬಾಲು ಹೊಡೆಯುವ ಅತೀ ಚಿಕ್ಕವರ ಟೀ ಬಾಲಿಗೂ ನಾಲ್ಕು ತುಂಬಿರಬೇಕು, ಹಾಗಾಗಿ ಸದ್ಯಕ್ಕೆ ಅವಳು ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ.

ಈ ವರ್ಷ ಮಗನ ತಂಡದ ಸ್ಕೋರ್ ಪುಸ್ತಕ ನಾನೇ ಬರೆಯುತ್ತಿದ್ದೇನೆ. ಬೇರೆ ತಂಡದವರು ಮೊಬೈಲ್ ಆ್ಯಪ್ ಇಟ್ಟುಕೊಂಡಿದ್ದಾರೆ, ನನಗೆ ಪೆನ್ಸಿಲ್ಲೇ ಬೇಕು. ಮೊನ್ನೆ ಶನಿವಾರ ಕೊನೆಯ ಇನಿಂಗ್ಸಿನಲ್ಲಿ ಮಗ ಬ್ಯಾಟಿಗೆ ಬಂದ. ಎರಡು ಸ್ಟ್ರೈಕ್ ಆಗಿತ್ತು. ಮೂರನೆಯದು ನಟ್ಟನಡುವೆ ಬಂತು, ಬ್ಯಾಟು ಭುಜದ ಮೇಲೇ ಇತ್ತು. ಹೆಲ್ಮೆಟ್ ತೆಗೆಯುತ್ತ ಬಂದವನು ಬೇಲಿಯ ಆಚೆಯಿಂದ ನನ್ನ ತೊಡೆಯ ಮೇಲಿನ ಪುಸ್ತಕಕ್ಕೆ ಇಣುಕಿದ.

"ಉಲ್ಟಾ ಕೆ ಬರೆದ್ಯಾ ಅಪ್ಪಾ?"

"ಬರೆದೆ."

"ನೋಡ್ತೀನಿ ತಾಳು" ಅಂತ ಬೇಲಿಗೆ ಮುಖ ಒತ್ತಿ, ಅವನ ಹೆಸರಿನ ಸಾಲಿನಲ್ಲೇ ಬರೆದಿದ್ದೇನಾ ಅಂತ ನೋಡಿಕೊಂಡು ಹೋಗಿ ಬೆಂಚಿನಲ್ಲಿ ಕೂತ.